ನಾನು ನಿಲ್ಲಿಸಿದ ಪ್ರೋಗ್ರಾಂ

ಬಸವನಗುಡಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ನಾನು ಇನ್‌ಸ್ಟ್ರಕ್ಟರ್ ಆಗಿ ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಲ್ಯಾಬಿಗೆಲ್ಲ ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಒಂದೇ ದೊಡ್ಡ ಯಂತ್ರ. ಹುಡುಗರು ಕೂರುವ ಹದಿನಾರು ಟರ್ಮಿನಲ್‌ಗಳೂ ಅದಕ್ಕೇ ಜೋತುಬಿದ್ದಿದ್ದವು. ಪರದೆಯ ಮೇಲೆ ಚಿತ್ರವಿಲ್ಲ, ಕೈಗೆ ಮೌಸಿಲ್ಲ, ಬರೀ ಅಕ್ಷರಗಳು. ಬೆಳಿಗ್ಗೆ ಬಂದವಳೇ ನಾನು ‘ಟಾಪ್’ ಎಂದು ಟೈಪ್ ಮಾಡುತ್ತಿದ್ದೆ. ಯಾರ ಪ್ರೋಗ್ರಾಂ ಪ್ರೊಸೆಸರಿನಲ್ಲಿ ನೂರಕ್ಕೆ ಎಷ್ಟು ಪಾಲು ತಿನ್ನುತ್ತಿದೆ, ಎಷ್ಟು ಹೊತ್ತಿನಿಂದ ತಿನ್ನುತ್ತಿದೆ ಎನ್ನುವ ಪಟ್ಟಿ ಬರುತ್ತಿತ್ತು. ಹೆಚ್ಚು ತಿನ್ನುವುದು ಮೇಲಿನ ಸಾಲಿನಲ್ಲಿ. ಯಾವನೋ ವಿದ್ಯಾರ್ಥಿ ಕೊನೆಯಿಲ್ಲದೆ ಸುತ್ತುವ ಪ್ರೋಗ್ರಾಂ ಬಿಟ್ಟು ಮನೆಗೆ ಹೋಗಿದ್ದರೆ ಅದನ್ನು ‘ಕಿಲ್’ ಎಂದು ಟೈಪ್ ಮಾಡಿ ನಿಲ್ಲಿಸುವುದು ನನ್ನ ಕೆಲಸ.

ಆ ಬೇಸಿಗೆಯಲ್ಲಿ ಪಟ್ಟಿಯ ಮೊದಲ ಸಾಲು ದಿನವೂ ಒಬ್ಬರದೇ. ಅದೇ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರು ಅವರು. ಅರವತ್ತು ದಾಟಿದ ಮೇಲೆ ಹುಡುಗರ ಪಕ್ಕ ಕೂತು ಪ್ರೋಗ್ರಾಂ ಬರೆಯಲು ಕಲಿತಿದ್ದರು. ಮೂವತ್ತು ವರ್ಷಗಳಿಂದ ಭಾನುವಾರ ಭಾನುವಾರ ಮೆಜೆಸ್ಟಿಕ್ಕಿನಿಂದ ಬಸ್ಸು ಹಿಡಿದು, ಸುತ್ತಲಿನ ಊರುಗಳ ಶಾಸನಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಬಂದಿದ್ದರು. ಎಷ್ಟೋ ಕಲ್ಲುಗಳಲ್ಲಿ ವರ್ಷ ಅಳಿಸಿಹೋಗಿ, ತಿಥಿ, ವಾರ, ಗ್ರಹಣ ಇಷ್ಟೇ ಉಳಿದಿತ್ತು. ಸಾವಿರ ವರ್ಷದ ಪಂಚಾಂಗವನ್ನು ಗುಣಿಸಿ, ಯಾವ ಕಲ್ಲು ಯಾವ ದಿನದ್ದು ಎಂದು ಹುಡುಕುವುದೇ ಅವರ ಪ್ರೋಗ್ರಾಮಿನ ಕೆಲಸ.

“ಎಷ್ಟು ದಿನ ಬೇಕಾಗತ್ತೆ ಸರ್?” ಎಂದು ಕೇಳಿದ್ದೆ.

“ಇಪ್ಪತ್ನಾಲ್ಕು, ಇಪ್ಪತ್ತೈದು ದಿನ ಆಗ್ಬಹುದಮ್ಮ. ಅದೂ ನನ್ನ ಹಾಗೇ, ನಿಧಾನ.”

ಕಾಲೇಜಿಗೆ ಪರೀಕ್ಷೆಗೆ ಮುಂಚಿನ ಓದುವ ರಜೆ ಇದ್ದುದರಿಂದ ಯಾರಿಗೂ ತೊಂದರೆ ಇರಲಿಲ್ಲ. ದಿನಾ ಬೆಳಿಗ್ಗೆ ಚಾಮರಾಜಪೇಟೆಯಿಂದ ನಡೆದು ಬಂದು, ನನ್ನ ಕುರ್ಚಿಯ ಹಿಂದೆ ನಿಂತು ಆ ಮೊದಲ ಸಾಲನ್ನು ನೋಡುತ್ತಿದ್ದರು. “ನಡೀತಿದೆ” ಎಂದು ತಮಗೇ ಹೇಳಿಕೊಂಡು ಹೊರಟುಬಿಡುತ್ತಿದ್ದರು.

ಹತ್ತೊಂಬತ್ತನೆಯ ದಿನ ಪ್ರಾಕ್ಟಿಕಲ್ ಪರೀಕ್ಷೆ ಶುರುವಾಯಿತು. ಹದಿನಾರು ಟರ್ಮಿನಲ್ಲುಗಳಲ್ಲೂ ಹುಡುಗರು. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವ ಹೊತ್ತಿಗೆ ಇನ್ನೊಂದು ಮರೆತುಹೋಗುವಷ್ಟು ನಿಧಾನ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಮೇಜಿನ ಬಳಿ ಬಂದರು.

“ಏನ್ರೀ ಇದು? ಹತ್ತು ನಿಮಿಷದಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಪರೀಕ್ಷೆ ನಿಲ್ಲಿಸ್ತೀನಿ.”

ಮೂಲೆಯಲ್ಲಿ ಒಬ್ಬಳು ಹುಡುಗಿ ಅಳತೊಡಗಿದ್ದಳು. ನಾನು ಟಾಪ್ ನೋಡಿದೆ. ಮೇಷ್ಟ್ರ ಪ್ರೋಗ್ರಾಂ ಮುಕ್ಕಾಲು ಪಾಲನ್ನು ತಾನೊಂದೇ ನುಂಗುತ್ತಿತ್ತು. ಅವರ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಮನೆಯ ನಂಬರು ನನ್ನ ಡ್ರಾಯರಿನಲ್ಲೇ ಇತ್ತು. ಫೋನ್ ಮಾಡಲಿಲ್ಲ. ಇಷ್ಟು ದಿನದ ಫಲಿತಾಂಶ ಫೈಲಿನಲ್ಲಿ ಇದ್ದೇ ಇರುತ್ತದೆ ಎಂದುಕೊಂಡು ಕಿಲ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಲ್ಯಾಬಿನಲ್ಲಿ ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟ ಹಾಗಾಯಿತು. ನನಗೂ.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದಾಗ ಹೇಳಿದೆ.

“ಫೈಲಲ್ಲಿ ಇರತ್ತಲ್ವಾ ಸರ್?”

“ಇಲ್ಲಮ್ಮ. ಎಲ್ಲಾ ಮೆಮೊರೀಲೇ ಇಟ್ಕೊಂಡು ಕೊನೇಲಿ ಒಂದೇ ಸಲ ಪ್ರಿಂಟ್ ಮಾಡೋ ಹಾಗೆ ಬರ್ದಿದ್ದೆ.” ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಹೊತ್ತು ಒರೆಸಿದರು. “ಮಕ್ಕಳ ಪರೀಕ್ಷೆ ಆಯ್ತು ತಾನೆ? ಬಿಡು. ಮತ್ತೆ ಶುರು ಮಾಡಿದ್ರಾಯ್ತು.”

ಪರೀಕ್ಷೆಗಳು ಮುಗಿದ ವಾರ ಯೂನಿಕ್ಸ್ ಕೈಪಿಡಿಯನ್ನು ಮೊದಲ ಪುಟದಿಂದ ಓದಲು ಕೂತೆ. ‘ರೀನೈಸ್’ ಎನ್ನುವ ಆಜ್ಞೆ ಸಿಕ್ಕಿತು. ನಡೆಯುತ್ತಿರುವ ಪ್ರೋಗ್ರಾಮನ್ನು ಕೊಲ್ಲಬೇಕಾಗಿಲ್ಲ, ಉಳಿದವರಿಗೆ ದಾರಿ ಬಿಟ್ಟು ಮಿಕ್ಕದ್ದನ್ನು ತಿನ್ನು ಎಂದು ಅದಕ್ಕೆ ಹೇಳಬಹುದು. ಒಂದೇ ಸಾಲು. ಆವತ್ತು ನನಗೆ ಅದು ಗೊತ್ತಿರಲಿಲ್ಲ. ನನ್ನ ಹುದ್ದೆಯಲ್ಲಿರುವವರಿಗೆ ಗೊತ್ತಿರಬೇಕಾಗಿತ್ತು.

ಅದನ್ನು ಬಳಸಿಕೊಂಡೇ ಮತ್ತೆ ಶುರು ಮಾಡಿದೆವು. ಈ ಸಲ ಗುಣಿಸಿದ್ದೆಲ್ಲ ಫೈಲಿಗೆ ಬರೆದುಕೊಳ್ಳುವಂತೆ ಮೇಷ್ಟ್ರು ತಿದ್ದಿದರು. ಆದರೆ ಕಲ್ಲುಗಳ ಜೊತೆ ಹೋಲಿಸುವುದು ಸಾವಿರ ವರ್ಷವೂ ಮುಗಿದ ಮೇಲೆಯೇ. ತರಗತಿಗಳು ನಡೆಯುತ್ತಿದ್ದವು, ಹುಡುಗರು ತಿಂದು ಮಿಕ್ಕದ್ದಷ್ಟೇ ಅದರ ಪಾಲಿಗೆ. ಕೆಲವು ದಿನ ನೂರಕ್ಕೆ ಹತ್ತೂ ಸಿಗುತ್ತಿರಲಿಲ್ಲ.

ಒಂದು ದಿನ ಮೇಷ್ಟ್ರು ಬರಲಿಲ್ಲ. ಮರುದಿನವೂ ಇಲ್ಲ. ಪಕ್ಕದ ಮನೆಗೆ ಫೋನ್ ಮಾಡಿದರೆ, ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆಯಲ್ಲಿದ್ದಾರೆ ಎಂದರು. ಸಂಜೆ ಹೋದೆ. ಮೂಗಿಗೆ ನಳಿಕೆ ಹಾಕಿದ್ದರು.

“ಎಷ್ಟಾಯ್ತಮ್ಮ?”

“ಮುಕ್ಕಾಲು ಮುಗಿದಿದೆ ಸರ್. ಇನ್ನು ಸ್ವಲ್ಪಾನೇ.”

“ಅವಸರ ಪಡಬೇಡ,” ಎಂದರು. ನನಗೋ ಯಂತ್ರಕ್ಕೋ ಗೊತ್ತಾಗಲಿಲ್ಲ.

ಆರು ದಿನದ ಮೇಲೆ ತೀರಿಕೊಂಡರು. ಪ್ರೋಗ್ರಾಂ ಮುಗಿದದ್ದು ಅವರ ವೈಕುಂಠ ಸಮಾರಾಧನೆಯ ಹಿಂದಿನ ದಿನ. ಟಾಪ್ ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ. ಪ್ರಿಂಟ್ ತೆಗೆದೆ. ನಲವತ್ತಕ್ಕೂ ಹೆಚ್ಚು ಕಲ್ಲುಗಳಿಗೆ ದಿನ ಸಿಕ್ಕಿತ್ತು. ಪರೀಕ್ಷೆಯ ದಿನ ನಾನು ಕೈ ಹಾಕದೆ ಇದ್ದಿದ್ದರೆ ಈ ಹಾಳೆಗಳು ಆಮೇಲಿನ ಐದಾರು ದಿನದಲ್ಲಿ, ಅವರು ಗಟ್ಟಿಮುಟ್ಟಾಗಿ ನಡೆದಾಡುತ್ತಿದ್ದಾಗಲೇ, ಅವರ ಕೈಗೆ ಸಿಗುತ್ತಿದ್ದವು.

ವಾರ ಬಿಟ್ಟು ಚಾಮರಾಜಪೇಟೆಯ ಅವರ ಮನೆಗೆ ಹೋದೆ. ಎಲ್ಲ ಹೇಳಿ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರ ಹೆಂಡತಿ ಒಳಗೆ ಕರೆದು ಕೂರಿಸಿ, ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಊರುಗಳ ಹೆಸರಿನ ಮೇಲೆ ಬೆರಳಾಡಿಸಿದರು.

“ಈ ಊರಿಗೆ ನಾನೂ ಹೋಗಿದ್ದೆ. ಕಲ್ಲಿಗೆ ನೀರು ಹಾಕಿ ತೊಳೆದಿದ್ದು ನಾನೇ.” ಆಮೇಲೆ ನನ್ನ ಕೈ ಹಿಡಿದುಕೊಂಡರು. “ನಿನ್ನ ವಿಷಯ ಬಹಳ ಹೇಳ್ತಿದ್ರಮ್ಮ. ಯಾವತ್ತೋ ಕರೆಂಟ್ ಹೋಗಿ ಎಲ್ಲಾ ಹಾಳಾಗೋಯ್ತಂತಲ್ಲ? ಆ ಹುಡುಗಿ ಇಲ್ದಿದ್ರೆ ಮತ್ತೆ ಶುರು ಮಾಡಕ್ಕೇ ಆಗ್ತಿರ್ಲಿಲ್ಲ ಅಂದ್ರು.”

ನಮ್ಮ ಲ್ಯಾಬಿಗೆ ಯುಪಿಎಸ್ ಇತ್ತು. ಕರೆಂಟ್ ಹೋದರೆ ಆ ಯಂತ್ರ ನಿಲ್ಲುತ್ತಿರಲಿಲ್ಲ. ಅದು ಮೇಷ್ಟ್ರಿಗೂ ಗೊತ್ತಿತ್ತು.

“ಹೌದಮ್ಮ, ಕರೆಂಟ್ ಹೋಗಿತ್ತು,” ಎಂದೆ. ಅವರು ಕುಂಕುಮ ಕೊಡಲು ಮಗಳನ್ನು ಕರೆದರು. ನಾನು ಹಣೆಗಿಟ್ಟುಕೊಂಡು ಹೊರಟುಬಂದೆ.