ಎರಡು ಬೆರಳು ಬಿಟ್ಟ ಕಿಟಕಿ

ಓದೋ ಎಲ್ಲರಿಗೂ ಶರಣು. ನಾನು ಬರೆದು ಪಳಗಿದವನಲ್ಲ. ಊರಲ್ಲಿ ನನ್ನನ್ನ ಶಾಲೆಗೆ ಹಚ್ಚಿದ್ದೇ ತಡವಾಗಿ. ಅಮೆರಿಕಕ್ಕೆ ಬಂದ ಮೇಲೆ ಕಲಿತಷ್ಟು ಕನ್ನಡ ಅಕ್ಷರಾನೂ ಮರೆತು, ಮೂವತ್ತು ದಾಟಿದ ಮೇಲೆ ಮತ್ತೆ ತಿದ್ದಿದೆ. ಫೋನಿನ ಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತುತಾ ಇದ್ದೀನಿ. ಒತ್ತು, ದೀರ್ಘ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ.

ಈಗ ನನ್ನ ಮನೆ ಟೆಕ್ಸಾಸ್‌ನ ಫ್ಲೂಗರ್‌ವಿಲ್‌ನಲ್ಲಿ. ಹೀಟರ್, ಎ.ಸಿ. ರಿಪೇರಿ ಕೆಲಸ. ಆದ್ರೆ ಆ ದಿನಗಳಲ್ಲಿ, ನಾನು ಒಂಬತ್ತು ವರ್ಷದ ಹುಡುಗ ಇದ್ದಾಗ, ನಾವು ಬಫಲೋದಲ್ಲಿ ಇದ್ವಿ. ನಮ್ಮ ಆಯಿ, ಅಂದ್ರೆ ಅವ್ವನ ಅವ್ವ, ಅದಕ್ಕೆ 'ಎಮ್ಮಿ ಊರು' ಅಂತಿದ್ಲು. ದೊಡ್ಡಪ್ಪ ಕಾಗದಪತ್ರ ಹಾಕಿ ವರ್ಷಗಟ್ಟಲೆ ಕಾದು ನಮ್ಮನ್ನ ಕರೆಸಿಕೊಂಡಿದ್ದ. ಹುಬ್ಬಳ್ಳಿಯಲ್ಲಿ ಲೇತ್ ಮಷೀನ್ ಮೇಲೆ ದುಡೀತಿದ್ದ ಅಪ್ಪ ಅಲ್ಲಿ ಕಾರಿನ ಬಿಡಿಭಾಗ ಮಾಡೋ ಕಾರ್ಖಾನೆ ಸೇರಿದ.

ಅದು ದುಡಿಯೋರ ಊರು. ಸಮುದ್ರದಂಥ ಕೆರೆಯ ದಂಡೆ, ಅರ್ಧ ಮುಚ್ಚಿದ ಕಾರ್ಖಾನೆಗಳು. ಗಾಳಿ ಒಂದು ಕಡೆಯಿಂದ ಬೀಸಿದ್ರೆ ಓಣಿ ತುಂಬ ಹುರಿದ ಗೋಧಿ ವಾಸನೆ, ಇನ್ನೊಂದು ಕಡೆಯಿಂದ ಬೀಸಿದ್ರೆ ಕಬ್ಬಿಣದ ವಾಸನೆ. ಬೆಳಗ್ಗೆ ಬೆಳ್ಳಗೆ ಬಿದ್ದ ಹಿಮ ಸಂಜೆಗೆ ಉಪ್ಪು, ಮಸಿ ಕೂಡಿ ರಾಡಿ. ಅವರವರ ಮನೆ ಮುಂದೆ ಹಿಮ ಕೆತ್ತಿ ಕಾರಿಗೆ ಜಾಗ ಮಾಡಿದವರು ಅಲ್ಲಿ ಒಂದು ಹಳೇ ಕುರ್ಚಿ ಇಟ್ಟು ಕೆಲಸಕ್ಕೆ ಹೋಗ್ತಿದ್ರು. ಆ ಕುರ್ಚಿ ಯಾರೂ ಮುಟ್ಟಬಾರದು. ನಾವು ಹುಡುಗರು ಕುರ್ಚಿಯಿಂದ ಕುರ್ಚಿಗೆ ಓಡಿ ಹಿಮದ ಉಂಡೆ ಹೊಡೆದಾಡ್ತಿದ್ವಿ. ಮನೆಗೆ ಬಂದ್ರೆ ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಡ್ತಿದ್ಲು. ಕೈ ಮರಗಟ್ಟಿ ರೊಟ್ಟಿ ಮುರಿಯೋಕೂ ಬರ್ತಿರಲಿಲ್ಲ.

ಆದ್ರೂ ನನಗೆ ಹಿಮ ಅಂದ್ರೆ ಅಂಜಿಕೆ. ಗಾಳಿ ಜೋರಾದ್ರೆ ಎದುರು ಮನೆ ಮಾಯ ಆಗಿಬಿಡ್ತಿತ್ತು. ಅಪ್ಪ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಅಪ್ಪನೂ ಮಾಯ. ದಿನಾ ಕಿಟಕಿಗೆ ಮೂಗು ಹಚ್ಚಿ, ಇವತ್ತು ಬರ್ತಾನೋ ಇಲ್ಲೋ ಅಂತ ನಿಲ್ತಿದ್ದೆ.

ಆ ವರ್ಷ ಅವ್ವ ಬಸುರಿ. ಬಾಣಂತನ ಮಾಡೋಕೆ ಅಂತ ಬೆಟಗೇರಿಯಿಂದ ಆಯಿ ಬಂದ್ಲು. ಅವಳ ಕೈಗುಣ ಊರಿಗೆಲ್ಲ ಗೊತ್ತು. ಅಲ್ಲಿನ ಓಣಿಯ ಅರ್ಧ ಕೂಸುಗಳು ಅವಳ ಕಾಲ ಮೇಲೇ ಎಣ್ಣೆ ನೀರು ಎರೆಸ್ಕೊಂಡವು. ಪೆಟ್ಟಿಗೆ ತುಂಬ ಅಜವಾನ, ಒಣಶುಂಠಿ, ಲೋಬಾನ ತಂದಿದ್ಲು. ತಂಗಿ ಹುಟ್ಟಿ ಮನೆಗೆ ಬಂದ ದಿನಾನೇ ಶುರು ಮಾಡಿದ್ಲು.

"ಹೊರಸಿನ ಕೆಳಗ ಶೆಗಡಿ ಇಲ್ಲ, ಕೆಂಡ ಇಲ್ಲ. ಇದೆಂಥಾ ಬಾಣಂತನ ಅಳಿಯಂದಿರ?"

"ಅತ್ತೀ, ಇಲ್ಲೆ ಗ್ವಾಡಿಯಿಂದ ಬಿಸಿ ಗಾಳಿ ಬರತೈತಿ," ಅಂದ ಅಪ್ಪ.

"ಗಾಳಿ ಕಾಸ್ಕೊಂಡ್ರ ಟೊಂಕ ಗಟ್ಟಿ ಆಗತೈತೇನು?"

ಶೆಗಡಿ ಅಂದ್ರೆ ಕೆಂಡ ಹಾಕೋ ಕಬ್ಬಿಣದ ಒಲೆ. ನಮ್ಮ ಕಡೆ ಬಾಣಂತಿ ಮಂಚದ ಕೆಳಗೆ ಇಟ್ಟು ಕಾಸ್ತಾರೆ. ಕಡೆಗೆ ಅಪ್ಪ ಸೋತ. ಕಾರ್ಖಾನೆಯಲ್ಲಿ ಊಟದ ಬಿಡುವಿನಾಗ ಹಳೇ ಡ್ರಮ್ಮಿನ ತಳ ಕತ್ತರಿಸಿ, ಮೂರು ಕಾಲು ವೆಲ್ಡ್ ಮಾಡಿ ತಂದ. ಆಯಿ ಅದನ್ನ ತಿರುಗಿಸಿ ತಿರುಗಿಸಿ ನೋಡಿ, "ಕೈ ಕೆಲಸ ಬರತೈತಿ ನಿಮಗ," ಅಂದ್ಲು. ಅಪ್ಪ ಅಷ್ಟು ನಕ್ಕಿದ್ದು ನಾನು ನೋಡಿರಲಿಲ್ಲ.

ಕೆಳಗಿನ ಮನೆಯಲ್ಲಿ ಮಾಲೀಕ ಸ್ಟ್ಯಾನ್ ಅಂಕಲ್ ಒಬ್ಬನೇ ಇದ್ದ. ಜೀವನಪೂರ್ತಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಕಿವಿ ಮಂದ ಆಗಿತ್ತು. ನಮ್ಮ ಮಹಡಿಯ ಹಿಂದಿನ ತೆರೆದ ಪಡಸಾಲೆಯಲ್ಲಿ ಆಯಿ ಇದ್ದಿಲು ಹೊತ್ತಿಸೋದು ನೋಡಿ ಬೆರಳು ಅಲ್ಲಾಡಿಸಿ ಒದರಿದ, "ಔಟ್‌ಸೈಡ್! ಓನ್ಲಿ ಔಟ್‌ಸೈಡ್!"

"ಏನಂತಾನ?"

"ಹೊರಗ ಇಡಬೇಕಂತ, ಆಯಿ."

"ಹೊರಗ ಇಡಾಕ ನಾಯಿ ಬಾಣಂತಿ ಆಗೇತೇನು?" ಅಂದು ಅವನಿಗೂ ಎರಡು ರೊಟ್ಟಿ ಕೊಟ್ಟು ಕಳಿಸಿದ್ಲು.

ಆದ್ರೆ ಹುಷಾರಿ ಇತ್ತು ಅವಳಿಗೆ. ಇದ್ದಿಲು ಹೊರಗೇ ಕೆಂಪಾಗಬೇಕು. ನಾಲ್ಕೇ ಕೆಂಡ ಒಳಗೆ. ಕೂಸಿಗೆ ಲೋಬಾನದ ಹೊಗೆ ಹಾಕಿ, ಅವ್ವನ ಟೊಂಕ ಕಾಸಿ, ಮತ್ತೆ ಹೊರಗೆ. ಅಲ್ಲಿಯ ಕಿಟಕಿ ಮೇಲಕ್ಕೆ ಎತ್ತಿ ತೆಗೆಯೋವು; ಅಷ್ಟು ಹೊತ್ತೂ ತುಸು ಎತ್ತಿರಬೇಕು. "ಎರಡು ಬೆರಳು ಬಿಡಪಾ ಬಸು," ಅಂತಿದ್ಲು. ನಾನು ಬೆರಳು ಇಟ್ಟು ಅಳತೆ ತಗೊಂಡು ಎತ್ತುತಿದ್ದೆ. ಆ ಲೋಬಾನದ ವಾಸನೆಯಲ್ಲಿ ನನಗೆ ಹಿಮದ ಊರು ಮರೆತೇ ಹೋಗ್ತಿತ್ತು.

ತಂಗಿಗೆ ಇಪ್ಪತ್ತು ದಿನ ಆಗಿರಬೇಕು. ಅಪ್ಪ ಬೆಳಗಿನ ಶಿಫ್ಟ್‌ಗೆ ಹೋಗಿದ್ದ. ಹತ್ತು ಗಂಟೆಗೆ ಕೆರೆ ಕಡೆಯಿಂದ ಗಾಳಿ ಎದ್ದಿತು. ಕಿಟಕಿ ಹೊರಗೆ ಬರೀ ಬಿಳಿ. ಮಧ್ಯಾಹ್ನಕ್ಕೆ ಕರೆಂಟ್ ಹೋಯ್ತು, ಗೋಡೆಯ ಬಿಸಿ ಗಾಳಿ ನಿಂತಿತು. ಅಪ್ಪನ ಫೋನ್ ಬಂತು.

"ರಸ್ತೆ ಬಂದ್ ಮಾಡ್ಯಾರ ಬಸು. ನಾ ಇಲ್ಲೇ ಉಳೀಬೇಕು. ನೀ ಮನಿ ನೋಡ್ಕೊ."

ಮನೆ ನೋಡ್ಕೊ ಅಂದ ಮಾತು ನನ್ನ ಎದೆಯಲ್ಲಿ ಕೂತುಬಿಡ್ತು. ಒಂದು ತಾಸಿನಲ್ಲಿ ಮಾತಾಡಿದ್ರೆ ಬಾಯಿಂದ ಉಗಿ ಬರ್ತಿತ್ತು. ಆಯಿ ಕೂಸಿನ ಕೈ ಹಿಡಿದು ನೋಡಿ, "ಬರಫ್ ಆಗ್ಯಾವ," ಅಂದ್ಲು. ಅವಳ ದನಿ ನಡುಗಿದ್ದು ಅವತ್ತೇ ಮೊದಲು. ಪಡಸಾಲೆಗೆ ಹೋಗಿ ಶೆಗಡಿ ತುಂಬ ಇದ್ದಿಲು ಹೊತ್ತಿಸಿ, ಸೆರಗಿನಿಂದ ಹಿಡಿದು ತಂದು ಅವ್ವನ ಮಂಚದ ಕೆಳಗೆ ಇಟ್ಟಳು. ಬಾಗಿಲು ಮುಂದೆ ಮಾಡಿ, "ಕಿಟಕಿ ಎರಡು ಬೆರಳು ಬಿಡಪಾ. ಮರೀಬ್ಯಾಡ," ಅಂದು ಅವ್ವನಿಗೆ ಗಂಜಿ ಕಾಸೋಕೆ ಅಡಿಗೆಮನೆಗೆ ಹೋದಳು.

ಬಿಟ್ಟೆ. ಆ ಸಂದಿಯಿಂದ ಹಿಮದ ಪುಡಿ ಬಂದು ಅವ್ವನ ಕೌದಿ ಮೇಲೆ, ಕೂಸಿನ ಟೊಪ್ಪಿಗೆ ಮೇಲೆ ಬೀಳೋಕೆ ಹತ್ತಿತು. ಅಪ್ಪ ಮನೆ ನೋಡ್ಕೊ ಅಂದಿದ್ದ. ಕಿಟಕಿ ಇಳಿಸಿದೆ. ಸಂದಿಗೆ ನನ್ನ ಕೌದಿ ತುರುಕಿದೆ. ಅದರ ಮೇಲೆ ಅಪ್ಪನ ಅಗಲ ಟೇಪನ್ನ ಹಲ್ಲಿನಿಂದ ಹರಿದು ಸುತ್ತಲೂ ಹಚ್ಚಿದೆ. ಚಂದ ಹಚ್ಚಿದೆ. ಒಂದು ಎಳೆ ಗಾಳಿ ಬರ್ತಿರಲಿಲ್ಲ.

ಕೋಣೆ ಬೆಚ್ಚಗಾಯ್ತು. ಊರಿನ ಮನೆ ಹಂಗೆ. ಹೊಗೆ ಇಲ್ಲ, ವಾಸನೆ ಇಲ್ಲ. ಅದೇ ಮೋಸ. "ತಲಿ ಸಿಡಿಯಾಕ ಹತ್ತೇತಿ, ಒಂದೀಟು ಮಲಗ್ತೀನಿ," ಅಂದು ಅವ್ವ ಆ ಕಡೆ ಹೊರಳಿದಳು. ನಾನು ನೆಲದ ಮೇಲೆ ಕೂತು ಕೆಂಡ ನೋಡ್ತಾ ತೂಕಡಿಸಿದೆ.

"ಬಸು, ಗಂಜಿ ಒಯ್ಯಿ," ಅಂತ ಆಯಿ ಕರೆದಳು. ಏಳೋಕೆ ಹೋದ್ರೆ ಕಾಲು ಇಲ್ಲ. ತೆವಳಿಕೊಂಡು ಅಡಿಗೆಮನೆ ಹೊಸ್ತಿಲಿಗೆ ಬಂದು ವಾಂತಿ ಮಾಡಿದೆ.

"ಅಯ್ಯ, ದೃಷ್ಟಿ ಆತು ನೋಡ," ಅಂತ ಆಯಿ ಉಪ್ಪು, ಮೆಣಸಿನಕಾಯಿ ಕೈಗೆ ತಗೊಂಡ್ಲು. ನನ್ನ ಮೇಲಿಂದ ಇಳಿ ತೆಗೀತಾ ತೆಗೀತಾ ಕೈ ನಿಂತಿತು.

"ಕೂಸು ಯಾಕ ಅಳವಲ್ದು? ಹಾಲಿನ ಹೊತ್ತಾತಲ್ಲ?"

ಅವಳು ಓಡಿದ್ದು, "ಗಂಗೀ, ಏ ಗಂಗೀ!" ಅಂತ ಅವ್ವನ ಹೆಸರು ಹಿಡಿದು ಚೀರಿದ್ದು ಈಗಲೂ ಕಿವಿಯಲ್ಲಿ ಐತಿ. ಅವ್ವ ಏಳಲಿಲ್ಲ. "ಕೆಳಗಿನ ಅಣ್ಣಾವ್ರನ್ನ ಕರಿಯೋ ಬಸು!"

ಮೆಟ್ಟಿಲ ಮೇಲೆ ಕೂತು ಜಾರಿಕೊಂಡೇ ಇಳಿದೆ. ಎರಡೂ ಕೈಯಿಂದ ಬಾಗಿಲು ಬಡಿದೆ. ಸ್ಟ್ಯಾನ್ ಅಂಕಲ್ ನನ್ನ ಮುಖ ನೋಡಿದ, ಮೇಲೆ ನೋಡಿದ, "ಗ್ಯಾಸ್," ಅಂದ. ಮೂಲೆಯಲ್ಲಿದ್ದ ಹಿಮ ಎತ್ತೋ ಸಲಿಕೆ ಹಿಡಿದು ಆ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ಹತ್ತಿದ. ಉಕ್ಕಿನ ಭಟ್ಟಿ ಪಕ್ಕ ಕೆಂಡದ ಆ ವಿಷಗಾಳಿ ಕುಡಿದು ಬಿದ್ದವರನ್ನ ಅವನು ಹಿಂದೆ ಹೊತ್ತು ತಂದಿದ್ದನಂತೆ. ಅದು ನಮಗೆ ಆಮೇಲೆ ಗೊತ್ತಾಯ್ತು. ಸಲಿಕೆಯಿಂದ ಕಿಟಕಿ ಒಡೆದ. ಗಾಜು, ಹಿಮ ಕೂಡಿ ಒಳಗೆ ಬಿತ್ತು. ಶೆಗಡಿಯನ್ನ ಸಲಿಕೆಯಲ್ಲೇ ಎತ್ತಿ ಹೊರಗೆ ಒಗೆದ. ಅದು ಹಿಮದಲ್ಲಿ ಚೊಂಯ್ ಅಂತು. ಅವ್ವನ್ನ ಎಳೆದು ಪಡಸಾಲೆಗೆ ಹಾಕಿದ. ಆಮೇಲೆ ತಂಗಿಯನ್ನ ಎತ್ತಿದ.

ಕೂಸಿನ ಕೆನ್ನೆ ಕೆಂಪಗೆ ಇತ್ತು. ಆದ್ರೆ ಕತ್ತು ನಿಲ್ತಿರಲಿಲ್ಲ. ಅವನು ಅಂಗೈ ಮೇಲೆ ಬೋರಲು ಹಾಕಿ ಬೆನ್ನು ತಿಕ್ಕಿದ, ಅಂಗಾಲು ಬಡಿದ. ಆಯಿ ಬರಿಗಾಲಲ್ಲಿ ಹಿಮದ ಮೇಲೆ ಸೆರಗು ಒಡ್ಡಿಕೊಂಡು ನಿಂತಿದ್ಲು. ಯಾವ ದೇವರ ಹೆಸರೂ ಅವಳ ಬಾಯಿಗೆ ಬರಲಿಲ್ಲ. ನಾನು ನನ್ನ ಹಲ್ಲಿಗೆ ಅಂಟಿದ್ದ ಟೇಪಿನ ಚೂರನ್ನ ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡ್ತಿದ್ದೆ.

ಎಷ್ಟು ಹೊತ್ತೋ. ಬೆಕ್ಕಿನ ಮರಿ ಸೀನಿದಂಗೆ ಒಂದು ಸಪ್ಪಳ ಬಂತು. ಆಮೇಲೆ ಅಳು. ಅವ್ವನೂ ಕಣ್ಣು ಬಿಟ್ಟು ವಾಂತಿ ಮಾಡಿದಳು. ಆಂಬ್ಯುಲೆನ್ಸ್ ಬರೋ ಹಂಗಿರಲಿಲ್ಲ. ಓಣಿಯಲ್ಲಿ ಹಿಮ ತಳ್ಳೋ ಲಾರಿಯವನೊಬ್ಬ ಇದ್ದ. ಅವನ ಲಾರಿಯಲ್ಲೇ ಎಲ್ಲರನ್ನೂ ಆಸ್ಪತ್ರೆಗೆ ಒಯ್ದರು. ಇಬ್ಬರೂ ಉಳಿದರು.

ಮರುದಿನ ಮಧ್ಯಾಹ್ನ ಅಪ್ಪ ನೇರ ಆಸ್ಪತ್ರೆಗೆ ಹೋಗಿ, ಆಮೇಲೆ ಆಯಿಯನ್ನೂ ನನ್ನನ್ನೂ ಕರ್ಕೊಂಡು ಮನೆಗೆ ಬಂದ. ಒಡೆದ ಕಿಟಕಿಯಲ್ಲಿ ಟೇಪು ಜೋತು ಬಿದ್ದಿತ್ತು.

"ಇದನ್ನ ಯಾರು ಹಚ್ಚಿದ್ರು?"

ಆಯಿ ನನ್ನ ಕಡೆ ನೋಡಲೇ ಇಲ್ಲ.

"ನಾನ ಹಚ್ಚಿದೆ, ಅಳಿಯಂದಿರ. ಥಂಡಿ ಬರತೈತಂತ."

"ಊರಿಗೆಲ್ಲ ಬುದ್ಧಿ ಹೇಳಾಕಿ ನೀವು. ಹೆತ್ತ ಮಗಳನ್ನ ಕೊಲ್ಲಾಕ..." ಅಂದ ಅಪ್ಪ ಅಲ್ಲಿಗೇ ನಿಂತ. ಆಮೇಲೆ ಅವಳು ಊರಿಗೆ ಹೋಗೋ ತನಕ ಅವಳ ಜೊತೆ ಮಾತಾಡಲಿಲ್ಲ.

ಒಮ್ಮೆ ಆಯಿ ನನ್ನ ತಲೆಗೆ ಎಣ್ಣೆ ತಿಕ್ಕುವಾಗ ಸಣ್ಣಗೆ ಅಂದ್ಲು, "ಯಾರ ಮುಂದೂ ಅನಬ್ಯಾಡ. ನಾ ಮುದುಕಿ, ಬೈಸ್ಕೊಂಡ್ರ ಏನೂ ಆಗಂಗಿಲ್ಲ."

ಆದ್ರೆ ಅವಳಿಗೆ ಆಯ್ತು. ತಂಗಿಯನ್ನ ಮತ್ತೆ ಅವಳು ತಾನಾಗಿ ಎತ್ತಿಕೊಳ್ಳಲಿಲ್ಲ. "ಎತ್ಕೋಬಹುದೇನವಾ?" ಅಂತ ಮಗಳನ್ನೇ ಕೇಳ್ತಿದ್ಲು. ಬೆಟಗೇರಿಗೆ ಹೋದ ಮೇಲೆ ಓಣಿಯವರು ಬಾಣಂತನಕ್ಕೆ ಕರೆದ್ರೆ, "ನನ್ನ ಕೈಗುಣ ಹೋತು," ಅಂದುಬಿಟ್ಲಂತೆ. ನಿಜ ಹೇಳೋ ಧೈರ್ಯ ನನಗೆ ಬರೋದ್ರೊಳಗೆ ಅವಳೇ ತೀರಿಹೋದಳು.

ಕೆಲವು ವರ್ಷದ ಹಿಂದೆ ಇಲ್ಲಿ ಟೆಕ್ಸಾಸ್‌ನಲ್ಲೂ ಹಿಮ ಬಿದ್ದು ಕರೆಂಟ್ ಹೋದಾಗ, ಪಕ್ಕದ ಮನೆ ಮೈಸೂರಿನ ಹುಡುಗ ಇದ್ದಿಲಿನ ಗ್ರಿಲ್ಲನ್ನ ಹಾಲ್ ಒಳಗೆ ಎಳೀತಿದ್ದ. ನಾನು ಓಡಿ ಹೋಗಿ ಬಾಗಿಲಲ್ಲಿ ಅಡ್ಡ ನಿಂತೆ.

"ಏನೂ ಆಗಲ್ಲ ಅಂಕಲ್, ವಿಂಡೋ ಸ್ವಲ್ಪ ಓಪನ್ ಇಟ್ಟಿದೀವಿ."

"ಎಷ್ಟು ಓಪನ್?"

ಊರಿಂದ ಬಂದಿದ್ದ ಅವನ ತಾಯಿ ಎರಡು ಬೆರಳು ತೋರಿಸಿದ್ರು.

ಎರಡು ಬೆರಳು ಸಾಲಲ್ಲಮ್ಮ, ಇಡೀ ಕಿಟಕಿ ತೆಗೆದ್ರೂ ಸಾಲಲ್ಲ, ಕೆಂಡ ಮನೆಯೊಳಗೆ ಬರಲೇಬಾರದು ಅಂತ ಒದರಿದೆ. ಆ ಹುಡುಗನ ಸಣ್ಣ ಮಗಳು "ವೈ ಈಸ್ ಅಂಕಲ್ ಕ್ರೈಯಿಂಗ್?" ಅಂದಾಗಲೇ ನಾನು ಅಳ್ತಿದ್ದೀನಿ ಅಂತ ನನಗೆ ಗೊತ್ತಾಗಿದ್ದು. ನನ್ನ ಕೆಲಸದ ತಿಳುವಳಿಕೆಯಲ್ಲಿ ಲೆಕ್ಕ ಹಾಕಿದ್ರೆ ಆಯಿದೂ ತಪ್ಪಿತ್ತು, ನಂದೂ ಇತ್ತು. ಆದ್ರೆ ಹೊತ್ತಿದ್ದು ಅವಳೊಬ್ಬಳೇ.

ಈಗ ನಮ್ಮ ಮನೆಯಲ್ಲಿ ಗುಂಡಿ ಒತ್ತಿದ್ರೆ ಬಿಸಿ. ಲೋಬಾನ ಹಾಕೋರಿಲ್ಲ. ನನ್ನ ಮಕ್ಕಳಿಗೆ ಎಣ್ಣೆ ನೀರು ಎರೆಯೋಕೆ ಬೇಕಾಗಿದ್ದ ಕೈಯನ್ನ ನಾನೇ ಸುಮ್ಮನಿದ್ದು ಕಳ್ಕೊಂಡೆ. ತಂಗಿ ಇದೇ ಟೆಕ್ಸಾಸ್‌ನ ಕೇಟಿ ಅನ್ನೋ ಊರಲ್ಲಿದ್ದಾಳೆ, ಚೊಚ್ಚಲ ಬಸುರಿ. ಆ ಆಯಿಯಿಂದ ತನ್ನ ಜೀವ ಹೋಗೋದಿತ್ತು ಅಂತ ಮಾತ್ರ ಅವಳಿಗೆ ಗೊತ್ತು. ಕನ್ನಡ ಓದೋಕೆ ಬರಲ್ಲ. ಈ ಭಾನುವಾರ ಡ್ರೈವ್ ಮಾಡ್ಕೊಂಡು ಹೋಗಿ, ಅವಳ ಎದುರು ಕೂತು ಇದನ್ನ ನಾನೇ ಓದಿ ಹೇಳ್ತೀನಿ. ಅವ್ವ, ಅಪ್ಪ ಇಬ್ಬರನ್ನೂ ಕೂಡಿಸಿಕೊಂಡು.

ನಿಮ್ಮ ತಪ್ಪನ್ನ ಯಾರಾದ್ರೂ ಹಿರಿಯರು ಹಿಂಗೆ ತಮ್ಮ ಮೇಲೆ ಹಾಕ್ಕೊಂಡಿದ್ರೆ ನನಗೂ ಬರೆದು ತಿಳಿಸ್ರಿ. ಅವರು ಇನ್ನೂ ಇದ್ರೆ ಮಾತ್ರ, ನನಗೆ ಬರೆಯೋಕೆ ಮೊದಲು ಅವರಿಗೆ ಫೋನ್ ಹಚ್ಚರಿ.