ಹೆಣ್ಣು ನೋಡುವ ದಿನ ಬಾಗಿಲಿಗೆ ಬೇವು

ಗೆಳೆಯರೇ, ಇವತ್ತು ಉತ್ತಮಪಾಳಯದ ನಮ್ಮ ಬೀದಿಯಲ್ಲೇ ನಡೆದದ್ದು. ಎದುರು ಮನೆಯ ಚಿಕ್ಕಮ್ಮ ಬಾಗಿಲಿಗೆ ಕಟ್ಟಿದ್ದ ಬೇವಿನ ಸೊಪ್ಪನ್ನು ಬೆಳಿಗ್ಗೆಯೇ ಕಿತ್ತು ಹಿತ್ತಲಿಗೆ ಎಸೆದರು. ಕಿರಿಯ ಮಗಳಿಗೆ ಅಮ್ಮ ಬಂದು, ಅಂದರೆ ಮೈತುಂಬ ಸೀತಾಳೆ ಸಿಡುಬು ಎದ್ದು, ಇನ್ನೂ ಮೂರೇ ದಿನ. ಆದರೆ ಹಿರಿಯ ಮಗಳನ್ನು ನೋಡಲು ಪಕ್ಕದ ತೇವಾರ ಊರಿನಿಂದ ಗಂಡಿನವರು ಬರುವವರಿದ್ದರು.

ಮಗುವನ್ನು ನೋಡಲು ಬಂದ ಸರ್ಕಾರಿ ನರ್ಸಮ್ಮ, "ಎಲ್ಲಿ ಅಕ್ಕಾ ಬೇವು?" ಎಂದರು.

"ಅದ ಕಂಡ್ರೆ ಅವ್ರು ಒಳಕ್ಕೆ ಬತ್ತಾರಾ ಸಿಸ್ಟರ್? ಮಾಪಿಳ್ಳೆ ಹುಡ್ಗನ ಅಕ್ಕ ಬೇರೆ ಬಸುರಿ, ಶಕುನ ನೋಡ್ತಾರೆ."

"ಬಸುರಿಯಾ? ಅವಳಿಗೆ ಅಂಟಿದ್ರೆ ಹೊಟ್ಟೇಲಿರೋ ಕೂಸಿನ ಗತಿ ಏನಕ್ಕಾ?"

ಬೇವಿನಿಂದ ರೋಗ ವಾಸಿಯಾಗದು ಎಂದು ವರ್ಷವಿಡೀ ನಮ್ಮೊಂದಿಗೆ ಜಗಳವಾಡುವ ನರ್ಸಮ್ಮ, ತಾವೇ ಕೊಂಬೆ ಮುರಿದು ತಂದು ಬಾಗಿಲಿಗೆ ಕಟ್ಟಿದರು. ಚಿಕ್ಕಮ್ಮ ಅಳುತ್ತಾ ನಿಂತರು.

ಗಂಡಿನವರು ಬಂದರು, ಬೇವು ಕಂಡರು, ಬೀದಿಯಲ್ಲೇ ಕೈ ಮುಗಿದರು. "ಅಮ್ಮ ಇಳಿದು ಕೂಸಿಗೆ ಮೂರು ಸಲ ತಲೆಗೆ ನೀರು ಹಾಕಿ ಮುಗೀಲಿ ಅತ್ತೆ, ಆಮೇಲೆ ತಪ್ಪದೆ ಬತ್ತೀವಿ" ಎಂದು ಆ ಬಸುರಿಯೇ ದೂರದಿಂದ ಕೂಗಿ ಹೇಳಿದಳು.

ಅಂಟುರೋಗದ ಬಗ್ಗೆ ಆರೋಗ್ಯ ಇಲಾಖೆಯವರು ಅದೇ ಮನೆಯ ಗೋಡೆಯ ಮೇಲೆ ಎಂಟು ಸಾಲು ಬರೆಸಿದ್ದಾರೆ. ಇವತ್ತೂ ಅದನ್ನು ಯಾರೂ ಓದಲಿಲ್ಲ. ನನ್ನನ್ನು ಕೇಳಿದ್ದರೆ ಎರಡರಲ್ಲಿ ಮುಗಿಸುತ್ತಿದ್ದೆ:
ಬಾಗಿಲಿಗೆ ಬೇವು,
ಬೀದಿಯಲ್ಲೇ ನೀವು.