ಹತ್ತು ಬಸ್ಸುಗಳ ಲೆಕ್ಕ

ಬಳ್ಳಾರಿಯ ನಮ್ಮ ಮನೆಗೆ ಬಣ್ಣ ಹೊಡೆಸಬೇಕಿತ್ತು. ಅಟ್ಟಣೆ ಕಟ್ಟಲು ಮೊನ್ನೆ ಸರ್ವೆ ಕಂಬಗಳು ಬಂದಿಳಿದವು. ಆ ತೊಗಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು. ಕಂಬದ ಮೇಲೂ ಸಿಟ್ಟೇ ಎಂದು ನೀವು ನಗಬಹುದು. ನಗಿ, ನನ್ನ ಹೆಂಡತಿಯೂ ನಗುತ್ತಾಳೆ.

ಎಂಬತ್ತರ ದಶಕದ ಮಾತು. ಕುರುಗೋಡಿನ ಗುಡ್ಡದ ಇಳಿಜಾರಿನಲ್ಲಿ ಅರಣ್ಯದವರು ಬೆಳೆಸಿದ ಸರ್ವೆ ತೋಪಿತ್ತು. ಅದರ ಕೆಳಗೇ ನಮ್ಮ ಸೋದರತ್ತೆಯ ಮನೆ. ಒಂದು ಬೇಸಿಗೆ ಇಡೀ ತೋಪನ್ನು ಕಡಿದು ಗುಡ್ಡವನ್ನು ಬೋಳಿಸಿದರು.

ನನ್ನ ಅಕ್ಕ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಎಲ್ಲೆಲ್ಲಿ ಗುಡ್ಡ ಜರಿದಿದೆ, ಎಲ್ಲಿ ಜರಿದಿಲ್ಲ, ಅಲ್ಲಿನ ಇಳಿಜಾರೆಷ್ಟು, ಮಳೆಯೆಷ್ಟು, ಮರ ಕಡಿದು ಎಷ್ಟು ವರ್ಷವಾಗಿತ್ತು, ಎಲ್ಲವನ್ನೂ ಕೂಡಿಸಿ ಸೂತ್ರವೊಂದನ್ನು ಕಟ್ಟಿದಳು. ಲೆಕ್ಕದ ಯಂತ್ರದ ಹಿಡಿ ತಿರುಗಿಸುವ ಕೆಲಸ ನನ್ನದು. ತಲೆಗೆ ಹತ್ತದಿದ್ದರೂ ಕೈಗೆ ಹತ್ತಿತು! ದೊಡ್ಡ ಮಳೆಯಾದರೆ ಹತ್ತರಲ್ಲಿ ನಾಲ್ಕು ಪಾಲು ಗುಡ್ಡ ಜರಿಯುವ ಸಂಭವ, ಅದೂ ಕಡಿದ ವರ್ಷವಲ್ಲ, ಬೇರು ಕೊಳೆತ ಮೇಲೆ ಎಂದು ಉತ್ತರ ಬಂತು.

ಕಚೇರಿಗೆ ಹೋಗಿ ತಿಳಿಸಿದರೆ ಅರಣ್ಯದ ಸಾಹೇಬರು ನಕ್ಕರು. "ಆರು ಪಾಲು ಏನೂ ಆಗೋದಿಲ್ಲ ಅಂತಾಯ್ತಲ್ಲಮ್ಮ!"

"ಸಿರುಗುಪ್ಪಕ್ಕ ಹೋಗೋ ಹತ್ತು ಬಸ್ಸಿನಾಗ ನಾಕು ಪಲ್ಟಿ ಹೊಡಿತಾವಂದ್ರ ನಿಮ್ಮ ಮಗಳನ್ನ ಹತ್ತಿಸ್ತೀರೇನ್ರಿ?" ಅಂದಳು ಅಕ್ಕ.

ಸಾಹೇಬರಿಗೆ ಸಿಟ್ಟು ಬಂತು, ನಮಗೆ ಬಾಗಿಲು ತೋರಿಸಿದರು.

ಅತ್ತೆಯನ್ನು ಬಳ್ಳಾರಿಗೆ ಕರೆತಂದೆವು. ಆ ಮಳೆಗಾಲ ಗುಡ್ಡ ಅಲುಗಲಿಲ್ಲ. "ಎಲ್ಲಿ ನಿಮ್ಮ ಲೆಕ್ಕ?" ಎಂದು ಸಾಹೇಬರು ಮೀಸೆ ತಿರುವಿ, ಅತ್ತೆಗೆ ಧೈರ್ಯವಾಗಿ ಮನೆಗೆ ಹೋಗಲು ಹೇಳಿದರು. ಅಕ್ಕ ಕೈಮುಗಿದು ತಡೆದಳು. "ಸಾಹೇಬ್ರ ಹೇಳ್ಯಾರಲ್ಲವ್ವ, ಏನಾಗಂಗಿಲ್ಲ. ಎಮ್ಮಿ ಮಂದಿ ಮನ್ಯಾಗ ಬಿಟ್ಟು ಬಂದೀನಿ" ಎಂದು ಅತ್ತೆ ಹೊರಟೇಬಿಟ್ಟಳು.

ಮರುವರ್ಷ ಬೇರುಗಳು ಕೊಳೆತಿದ್ದವು. ಜಡಿಮಳೆಗೆ ಹಾಡಹಗಲೇ ಗುಡ್ಡ ಜರಿದು ಮನೆಯನ್ನು ಮುಚ್ಚಿತು. ಮಣ್ಣಿನಿಂದ ಅತ್ತೆಯ ಹೆಣ ತೆಗೆಯುವಾಗ ಸಾಹೇಬರು ಜೀಪಿನಿಂದಿಳಿದು, "ದೈವೇಚ್ಛೆ" ಅಂದರು. ಯಾವ ದೈವವಯ್ಯ? ತೋಪು ಕಡಿಸಿದ್ದು ದೈವವೆ? ಮನೆಗೆ ಹೋಗು ಅಂದದ್ದು ದೈವವೆ? ನನಗೆ ಇಂದಿಗೂ ಮೈ ಉರಿಯುತ್ತದೆ.

ಮೊನ್ನೆ ಮೇಸ್ತ್ರಿ ಅಟ್ಟಣೆ ಕಟ್ಟಿದ. ಒಂದು ಕಂಬದ ಬುಡಕ್ಕೆ ಹುಳ ಹಿಡಿದಿತ್ತು. ತೋರಿಸಿದರೆ, "ಏನಾಗಂಗಿಲ್ಲ ಬಿಡ್ರಿ ಸಾರ್" ಅಂದ.

"ಹಂಗಾರ ನಿನ್ನ ಮಗನ್ನ ಹತ್ತಿಸ್ತೀಯೇನಪಾ?"

ಮೇಸ್ತ್ರಿ ನನ್ನ ಮುಖ ನೋಡಿದ. ಆಮೇಲೆ ಆ ಕಂಬದ ಹಗ್ಗ ಬಿಚ್ಚತೊಡಗಿದ. ಅಕ್ಕನ ಲೆಕ್ಕ ಇಷ್ಟು ವರ್ಷಕ್ಕೆ ಒಬ್ಬನ ಕಿವಿಗಾದರೂ ಬಿತ್ತು.